ಜಿಲ್ಲಾ ಕಾಲೇಜುಗಳಲ್ಲಿ ವೈದ್ಯಕೀಯ ಸಂಶೋಧನೆ: ರಾಜ್ಯವ್ಯಾಪಿ ಜಾಲವನ್ನು ಕಟ್ಟುವ ಬಗೆ

ಕ್ಯಾಸನೂರು ಕಾಡಿನ ಕಾಯಿಲೆ 1957ರಲ್ಲಿ ಬೆಳಕಿಗೆ ಬಂದದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ. ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗುತ್ತಿದ್ದಾರೆ ಎಂಬ ಸುದ್ದಿಯ ಜಾಡು ಹಿಡಿದು ವೈರಸ್ಸನ್ನು ಗುರುತಿಸಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಆಗ ಮಲೆನಾಡಿನಲ್ಲಿ ಆ ಕೆಲಸ ಮಾಡಬಲ್ಲ ಸಂಸ್ಥೆ ಇರಲಿಲ್ಲ. ಈಗ ಪರಿಸ್ಥಿತಿ ಬೇರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೊಂದರ ಅಡಿಯಲ್ಲೇ ವೈದ್ಯಕೀಯ, ದಂತವೈದ್ಯ, ಔಷಧ ವಿಜ್ಞಾನ, ನರ್ಸಿಂಗ್, ಆಯುಷ್ ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ ಕಲಿಸುವ ಪದವಿ ಕಾಲೇಜುಗಳು ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಹೀಗಿದ್ದೂ ಗಂಭೀರ ಸಂಶೋಧನೆ ನಡೆಯುವ ಊರುಗಳನ್ನು ಬೆರಳ ಮೇಲೆ ಎಣಿಸಬಹುದು.

ಕಾಯಿಲೆಗಳು ಮಾತ್ರ ಆ ಊರುಗಳನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿಗಳ ಫ್ಲೋರೈಡ್, ಚಾಮರಾಜನಗರದ ಸೋಲಿಗರಲ್ಲಿರುವ ಕುಡಗೋಲು ಕಣ ರಕ್ತಹೀನತೆ, ಹೊಲದ ಬದುವಿನಲ್ಲಿ ಆಗುವ ಹಾವಿನ ಕಡಿತ, ಇವೆಲ್ಲ ಜಿಲ್ಲೆಗಳ ಪ್ರಶ್ನೆಗಳು. ಅವುಗಳನ್ನು ದಿನವೂ ಕಣ್ಣಾರೆ ಕಾಣುವ ಅಧ್ಯಾಪಕರು ಅಲ್ಲೇ ಇದ್ದಾರೆ. ಅವರಿಗೆ ಸಮಯವಿಲ್ಲ, ಜೊತೆಗಾರರಿಲ್ಲ, ಸಂದೇಹ ಬಂದರೆ ಕೇಳಲು ಹಿರಿಯರೊಬ್ಬರಿಲ್ಲ. ಈ ಮೂರನ್ನು ಒದಗಿಸುವುದೇ ಕಾಲೇಜುಗಳ ಜಾಲದ ಕೆಲಸ ಎಂದು ನಾನು ಬಲವಾಗಿ ನಂಬಿದ್ದೇನೆ. ಯಂತ್ರ, ಕಟ್ಟಡ, ಉದ್ಘಾಟನೆ ಎಲ್ಲವೂ ಆಮೇಲಿನ ಮಾತು. ಅಂಥ ಜಾಲವನ್ನು ಆರಂಭಿಸಬೇಕೆಂದಿರುವ ಪ್ರಾಂಶುಪಾಲರು, ವಿಭಾಗ ಮುಖ್ಯಸ್ಥರು, ಉತ್ಸಾಹಿ ಅಧ್ಯಾಪಕರಿಗಾಗಿ ಈ ಬರಹ.

ಕಣ್ಣ ಮುಂದೆ ಇಟ್ಟುಕೊಳ್ಳಬಹುದಾದ ಮಾದರಿ

ಅಮೆರಿಕದಲ್ಲಿ ಇದೇ ಸಮಸ್ಯೆ ಇತ್ತು. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಹಣದ ಬಹುಪಾಲು ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್‌ನಂಥ ಕೆಲವೇ ರಾಜ್ಯಗಳ ಪಾಲಾಗುತ್ತಿತ್ತು. 1993ರಲ್ಲಿ ಅಲ್ಲಿನ ಸಂಸತ್ತಿನ ಒತ್ತಾಸೆಯಿಂದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಹಿಂದುಳಿದ ರಾಜ್ಯಗಳಿಗಾಗಿಯೇ 'ಐಡಿಯಾ' ಎಂಬ ಯೋಜನೆಯನ್ನು ರೂಪಿಸಿತು. 2001ರಲ್ಲಿ ಅದರ ಅಡಿಯಲ್ಲಿ ರಾಜ್ಯಮಟ್ಟದ ಕಾಲೇಜು ಜಾಲಗಳು ಹುಟ್ಟಿಕೊಂಡವು. ಇಂದು 'ಇನ್‌ಬ್ರೆ' ಎಂಬ ಹೆಸರಿನಲ್ಲಿ 23 ರಾಜ್ಯಗಳಲ್ಲೂ ಪೋರ್ಟೊರಿಕೊದಲ್ಲೂ ಅವು ನಡೆಯುತ್ತಿವೆ.

ರಚನೆ ಸರಳ. ಸಂಶೋಧನೆಯಲ್ಲಿ ಪಳಗಿದ ಒಂದು ಸಂಸ್ಥೆ ಮುಂದಾಳು. ಪಾಠವೇ ಮುಖ್ಯವಾಗಿರುವ ಸಣ್ಣ ಕಾಲೇಜುಗಳು ಪಾಲುದಾರರು. ಸಣ್ಣ ಕಾಲೇಜಿನ ಅಧ್ಯಾಪಕರಿಗೆ ಸಂಶೋಧನೆಯನ್ನು ಆರಂಭಿಸಲು ಹಣ, ಪಾಠದ ಹೊರೆಯಲ್ಲಿ ರಿಯಾಯಿತಿ, ಒಬ್ಬ ಹಿರಿಯ ಮಾರ್ಗದರ್ಶಕ. ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಪ್ರಯೋಗಾಲಯದ ಅನುಭವ. ಎಲ್ಲರಿಗೂ ಸಮಾನವಾಗಿ ದತ್ತಾಂಶ ವಿಶ್ಲೇಷಣೆಯ ನೆರವು. ಮುಂದಾಳು ದೊಡ್ಡ ವಿಶ್ವವಿದ್ಯಾಲಯವೇ ಆಗಿರಬೇಕೆಂಬ ನಿಯಮವೂ ಇಲ್ಲ. ಮೇನ್ ರಾಜ್ಯದಲ್ಲಿ ಕಡಲ ದಂಡೆಯ ಮೌಂಟ್ ಡೆಸರ್ಟ್ ದ್ವೀಪದ ಜೀವವಿಜ್ಞಾನ ಪ್ರಯೋಗಾಲಯವೇ ಜಾಲವನ್ನು ಮುನ್ನಡೆಸುತ್ತದೆ. ಮೊಂಟಾನಾದಲ್ಲಿ ಮೂಲನಿವಾಸಿಗಳು ತಾವೇ ನಡೆಸುವ ಕಾಲೇಜುಗಳೂ ಜಾಲದಲ್ಲಿವೆ. ಅಲ್ಲಿನ ಕ್ರೋ ಸಮುದಾಯದ ಲಿಟಲ್ ಬಿಗ್ ಹಾರ್ನ್ ಕಾಲೇಜಿನವರು ರಾಜ್ಯ ವಿಶ್ವವಿದ್ಯಾಲಯದ ಜೊತೆಗೂಡಿ ತಮ್ಮದೇ ಬಾವಿ, ಹೊಳೆಗಳ ನೀರನ್ನು ಪರೀಕ್ಷಿಸಿದರು. ಅವರ ಪ್ರಶ್ನೆಯನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಲಿಲ್ಲ.

ನಮ್ಮಲ್ಲಿಯೂ ರಾಜ್ಯವ್ಯಾಪಿ ಹಂಚಿಕೆಯ ಅನುಭವವಿದೆ. 2003ರಲ್ಲಿ ಆರೋಗ್ಯ ವಿಶ್ವವಿದ್ಯಾಲಯವು 'ಹೆಲಿನೆಟ್' ಮೂಲಕ ಅಂಗ ಕಾಲೇಜುಗಳಿಗೆಲ್ಲ ವಿದ್ಯುನ್ಮಾನ ವೈದ್ಯಕೀಯ ಪತ್ರಿಕೆಗಳನ್ನು ಒದಗಿಸಲು ಶುರುಮಾಡಿತು. ಒಂದೊಂದು ಕಾಲೇಜೂ ಕೊಳ್ಳಲಾಗದ್ದನ್ನು ಎಲ್ಲ ಸೇರಿ ಕೊಳ್ಳಬಹುದೆಂದು ಅದು ತೋರಿಸಿಕೊಟ್ಟಿತು. ಪತ್ರಿಕೆಗಳಿಗೆ ಸಾಧ್ಯವಾದದ್ದು ಪ್ರಯೋಗಗಳಿಗೂ ಸಾಧ್ಯ.

1. ಊರಿನ ಪ್ರಶ್ನೆಯಿಂದ ಹೊರಡಿ

ಮೊದಲ ಸಭೆಗೆ ಬರುವವರಿಗೆ ಒಂದೇ ಕೆಲಸ ಕೊಡಿ: ತಮ್ಮ ಜಿಲ್ಲೆಯಲ್ಲಿ ಕಂಡ, ಉತ್ತರ ಸಿಗದ ಒಂದು ಆರೋಗ್ಯ ಪ್ರಶ್ನೆಯನ್ನು ಅರ್ಧ ಪುಟದಲ್ಲಿ ಬರೆದು ತರಲಿ. ಕ್ಯಾನ್ಸರಿಗೆ ಔಷಧ ಹುಡುಕುವ ಕನಸುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪ್ರಶ್ನೆಗೆ ಎರಡು ಅರ್ಹತೆ ಸಾಕು. ಉತ್ತರ ಸಿಕ್ಕರೆ ಯಾರದಾದರೂ ಚಿಕಿತ್ಸೆ ಅಥವಾ ನಿರ್ಧಾರ ಬದಲಾಗಬೇಕು. ಒಂದಕ್ಕಿಂತ ಹೆಚ್ಚು ಕಾಲೇಜುಗಳು ಸೇರಿದರೆ ಮಾತ್ರ ಉತ್ತರ ಸಿಗುವಂತಿರಬೇಕು.

ಜಿಲ್ಲೆಯ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಳಗಾವಿಯ ಉದಾಹರಣೆಯನ್ನು ಎಲ್ಲರೂ ತಿಳಿದಿರಬೇಕು. ಹೆರಿಗೆಯ ನಂತರದ ರಕ್ತಸ್ರಾವ ನಮ್ಮ ಹಳ್ಳಿಗಳಲ್ಲಿ ತಾಯಂದಿರ ಜೀವ ತೆಗೆಯುವ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಕೊಡಲು ತರಬೇತಿ ಬೇಕು. ಬಾಯಿಂದ ನುಂಗುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಯ ಶುಶ್ರೂಷಕಿಯೇ ಕೊಟ್ಟರೆ ಹೇಗೆ? ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡವು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿತು. ಹರಿದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಅಳತೆಯ ಗುರುತಿರುವ ಪ್ಲಾಸ್ಟಿಕ್ ಹಾಸಿನಲ್ಲಿ ಸಂಗ್ರಹಿಸಿ ಅಳೆದರು. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದರಲ್ಲಿ ಕೋಟಿ ಬೆಲೆಯ ಯಂತ್ರ ಯಾವುದಿತ್ತು? ಸರಿಯಾದ ಪ್ರಶ್ನೆ, ಶಿಸ್ತಿನ ಅಳತೆ, ಹಳ್ಳಿಹಳ್ಳಿಗೆ ನಡೆಯುವ ಶುಶ್ರೂಷಕಿಯರು ಇದ್ದರು.

2. ಆರು ಕಾಲೇಜುಗಳಿಂದ ಆರಂಭಿಸಿ

ಮೊದಲ ದಿನವೇ ನೂರು ಕಾಲೇಜುಗಳ ಪಟ್ಟಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಒಂದು ಮುಂದಾಳು ಸಂಸ್ಥೆ, ಎರಡು ವೈದ್ಯಕೀಯ ಕಾಲೇಜು, ಒಂದು ಔಷಧ ವಿಜ್ಞಾನದ ಕಾಲೇಜು, ಎರಡು ಪದವಿ ಕಾಲೇಜು, ಇಷ್ಟು ಸಾಕು. ಅವುಗಳಲ್ಲಿ ಕನಿಷ್ಠ ಒಂದಾದರೂ ಕಲ್ಯಾಣ ಕರ್ನಾಟಕದ್ದಿರಲಿ, ಒಂದು ಸರ್ಕಾರಿ ಪದವಿ ಕಾಲೇಜಿರಲಿ. ಬಲವಾದವರೇ ಸೇರಿಕೊಂಡರೆ ಅದು ಜಾಲದ ಹೆಸರಿನ ಕೂಟವಾಗುತ್ತದೆ.

ಕಾಲೇಜುಗಳ ನಡುವಿನ ಒಡಂಬಡಿಕೆಯನ್ನು ಫೋಟೊಕ್ಕಾಗಿ ಮಾಡಿಕೊಳ್ಳಬೇಡಿ. ಅದರಲ್ಲಿ ಇಷ್ಟು ಸ್ಪಷ್ಟವಾಗಿರಲಿ: ಹಣ ಯಾರ ಖಾತೆಗೆ ಬರುತ್ತದೆ, ಎಷ್ಟು ದಿನಗಳಲ್ಲಿ ಪಾಲುದಾರ ಕಾಲೇಜಿಗೆ ತಲುಪುತ್ತದೆ; ಮಾದರಿ ಮತ್ತು ದತ್ತಾಂಶದ ಮೇಲೆ ಯಾರ ಹಕ್ಕು; ಅಧ್ಯಾಪಕರ ವರ್ಗಾವಣೆಯಾದರೆ ಕೆಲಸವನ್ನು ಯಾರು ಮುಂದುವರಿಸುತ್ತಾರೆ; ಒಂದು ಕಾಲೇಜು ಹೊರಹೋಗಬೇಕೆಂದರೆ ಹೇಗೆ. ವರ್ಗಾವಣೆಯ ಅಂಶವನ್ನು ವಿಶೇಷವಾಗಿ ಒತ್ತಿ ಹೇಳುತ್ತೇನೆ. ಸರ್ಕಾರಿ ಕಾಲೇಜುಗಳಲ್ಲಿ ಒಬ್ಬರೇ ಹೊತ್ತ ಸಂಶೋಧನೆ ಅವರ ವರ್ಗಾವಣೆ ಆದೇಶದ ದಿನ ನಿಂತುಹೋಗುತ್ತದೆ. ಆದ್ದರಿಂದ ಪ್ರತಿ ಕಾಲೇಜಿನಿಂದ ಇಬ್ಬರು ಅಧ್ಯಾಪಕರು ಕಡ್ಡಾಯ.

3. ಸಮಯವನ್ನು ಕಾಗದದ ಮೇಲೆ ಬರೆಸಿಕೊಳ್ಳಿ

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ಗಂಟೆ ನೇರ ಬೋಧನೆ ಮಾಡಬೇಕು. ಅದರ ಮೇಲೆ ಮೌಲ್ಯಮಾಪನ, ಪ್ರವೇಶಾತಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ, ಚುನಾವಣಾ ಕರ್ತವ್ಯ. ಆಸ್ಪತ್ರೆಯ ವೈದ್ಯರಿಗೆ ಹೊರರೋಗಿ ವಿಭಾಗದ ಸಾಲು. 'ಬಿಡುವಿನಲ್ಲಿ ಸಂಶೋಧನೆ ಮಾಡಿ' ಎನ್ನುವುದು ಇಂಥವರಿಗೆ ಮಾಡುವ ಅನ್ಯಾಯ.

ಆದ್ದರಿಂದ ಒಡಂಬಡಿಕೆಗೆ ಸಹಿ ಹಾಕುವಾಗಲೇ ಪ್ರಾಂಶುಪಾಲರಿಂದ ಲಿಖಿತ ಭರವಸೆ ಪಡೆಯಿರಿ: ಆಯ್ಕೆಯಾದ ಇಬ್ಬರಿಗೆ ವಾರದಲ್ಲಿ ಒಂದು ಪೂರ್ಣ ದಿನ ಅಥವಾ ಎರಡು ಮಧ್ಯಾಹ್ನ ಬಿಡುವು. ಅವರ ಪಾಠಗಳನ್ನು ಅತಿಥಿ ಉಪನ್ಯಾಸಕರು ನೋಡಿಕೊಳ್ಳುವುದಾದರೆ ಅವರ ಗೌರವಧನವನ್ನು ಜಾಲದ ಬಜೆಟ್ಟಿನಲ್ಲೇ ತೋರಿಸಿ. ವೇಳಾಪಟ್ಟಿಯಲ್ಲಿ ಆ ದಿನವನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ. ಗೋಡೆಯ ಮೇಲಿಲ್ಲದ ಬಿಡುವನ್ನು ಮೊದಲ ಪರೀಕ್ಷೆಯೇ ನುಂಗಿಬಿಡುತ್ತದೆ. ಈ ಭರವಸೆ ಕೊಡಲಾರದ ಕಾಲೇಜನ್ನು ಮೊದಲ ಸುತ್ತಿನಲ್ಲಿ ಸೇರಿಸಿಕೊಳ್ಳಬೇಡಿ, ಅಲ್ಲಿನ ಅಧ್ಯಾಪಕರು ಎಷ್ಟೇ ಪ್ರತಿಭಾವಂತರಾಗಿದ್ದರೂ.

4. ಎಥಿಕ್ಸ್ ಕಮಿಟಿಯನ್ನು ಮೊದಲು ಮಾತಾಡಿಸಿ

ಜನರಿಂದ ಮಾಹಿತಿಯಾಗಲಿ, ರಕ್ತವಾಗಲಿ, ಹಳೆಯ ಕೇಸ್ ಶೀಟಾಗಲಿ ತೆಗೆದುಕೊಳ್ಳುವ ಯಾವ ಅಧ್ಯಯನವೂ ಎಥಿಕ್ಸ್ ಕಮಿಟಿಯ, ಅಂದರೆ ಅಧ್ಯಯನದಿಂದ ಜನರಿಗೆ ಅನ್ಯಾಯವಾಗದಂತೆ ಪರಿಶೀಲಿಸುವ ಸಮಿತಿಯ, ಮುಂದೆ ಹೋಗದೆ ಶುರುವಾಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯೇ ಇದಕ್ಕೆ ಆಧಾರ. ಹೊಸ ಔಷಧಗಳ ಪ್ರಯೋಗಕ್ಕೆ 2019ರ ನಿಯಮಗಳು ಪ್ರತ್ಯೇಕವಾಗಿವೆ. ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗಗಳನ್ನು ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಸಿಟಿಆರ್‌ಐ ನೋಂದಣಿ ಜಾಲತಾಣದಲ್ಲಿ ದಾಖಲಿಸಬೇಕು. 2009ರ ಜೂನ್ 15ರಿಂದ ಇದು ಕಡ್ಡಾಯ.

ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇಂಥ ಕಮಿಟಿ ಇರುವುದಿಲ್ಲ. ಪ್ರತಿ ಕಾಲೇಜಿನಲ್ಲೂ ಹೊಸದಾಗಿ ಕಟ್ಟುವುದು ವ್ಯರ್ಥ ಸಾಹಸ. ಐಸಿಎಂಆರ್ ಮಾರ್ಗಸೂಚಿಯಂತೆ ಬೇರೆ ಸಂಸ್ಥೆಯ ಕಮಿಟಿಯ ಸೇವೆಯನ್ನು ಒಡಂಬಡಿಕೆಯ ಮೂಲಕ ಪಡೆಯಬಹುದು. ಹಲವು ಕೇಂದ್ರಗಳಲ್ಲಿ ನಡೆಯುವ ಒಂದೇ ಅಧ್ಯಯನಕ್ಕೆ ಒಂದು ಕಮಿಟಿಯನ್ನು ಮುಖ್ಯ ಎಂದು ಗೊತ್ತುಮಾಡಿಕೊಂಡು ಸಾಮಾನ್ಯ ಪರಿಶೀಲನೆಯನ್ನೂ ಮಾಡಿಸಬಹುದು. ಜಾಲದ ಮುಂದಾಳು ಸಂಸ್ಥೆ ಮೊದಲ ಆರು ತಿಂಗಳಲ್ಲಿ ಈ ಏರ್ಪಾಡೊಂದನ್ನು ಮುಗಿಸಿದರೂ ದೊಡ್ಡ ಉಪಕಾರ ಮಾಡಿದಂತೆ. ಒಂದೇ ಅಧ್ಯಯನದ ಕಡತ ಆರು ಕಮಿಟಿಗಳ ಮುಂದೆ ಆರು ಬಗೆಯ ತಿದ್ದುಪಡಿ ಹೊತ್ತುಕೊಂಡು ತಿರುಗುವಾಗ ಶೈಕ್ಷಣಿಕ ವರ್ಷವೇ ಕಳೆದುಹೋಗುತ್ತದೆ.

ಒಪ್ಪಿಗೆ ಪತ್ರದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅದನ್ನು ಕನ್ನಡದಲ್ಲೇ ಮೊದಲು ಬರೆಯಿರಿ. ಬರೆದದ್ದನ್ನು ಆಶಾ ಕಾರ್ಯಕರ್ತೆಯೊಬ್ಬರಿಗೆ ಕೊಟ್ಟು, ಗಟ್ಟಿಯಾಗಿ ಓದಿ ತಮ್ಮ ಮಾತಿನಲ್ಲಿ ವಿವರಿಸಲು ಹೇಳಿ. ಎಲ್ಲಿ ಅವರು ತಡವರಿಸುತ್ತಾರೋ ಆ ವಾಕ್ಯವನ್ನು ತಿದ್ದಿ. ತುಳು, ಉರ್ದು, ಲಂಬಾಣಿ, ಕೊಂಕಣಿ ಆಡುವವರಿಗೆ ಅವರದೇ ಮಾತಿನಲ್ಲಿ ಹೇಳುವವರು ಜೊತೆಗಿರಲಿ. ಓದಲು ಬಾರದವರ ಹೆಬ್ಬೆಟ್ಟು ಪಡೆಯುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಹಾಜರಿದ್ದು ಸಹಿ ಹಾಕಬೇಕು. ಬೇಡವೆಂದರೆ ಚಿಕಿತ್ಸೆಗೆ ಏನೂ ಕುಂದು ಬರದು ಎಂಬುದನ್ನು ಪತ್ರದ ಮೊದಲ ಪುಟದಲ್ಲೇ ಬರೆಯಿರಿ. ದೊಡ್ಡ ಡಾಕ್ಟರ ಮುಂದೆ 'ಇಲ್ಲ' ಎನ್ನಲು ನಮ್ಮ ಜನ ಹಿಂಜರಿಯುತ್ತಾರೆ; ಆ ಹಿಂಜರಿಕೆಯನ್ನು ಒಪ್ಪಿಗೆಯೆಂದು ಎಣಿಸಬಾರದು.

5. ಮೊದಲ ಜಂಟಿ ಅಧ್ಯಯನ: ಒಂದು ನಿಜವಾದ ಉದಾಹರಣೆ

ಮೊದಲ ವರ್ಷ ಯಾವುದನ್ನು ಎತ್ತಿಕೊಳ್ಳಬೇಕು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ. ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ಸೂಕ್ಷ್ಮಜೀವಿಶಾಸ್ತ್ರ ಪ್ರಯೋಗಾಲಯವಿದೆ. ಮೂತ್ರದ ಸೋಂಕಿನ ಮಾದರಿಗಳು ದಿನವೂ ಬರುತ್ತವೆ. ಅವುಗಳಲ್ಲಿನ ಇ. ಕೋಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ನೋಡುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಕೇರಳವು 2018ರಲ್ಲೇ ಇದಕ್ಕಾಗಿ ರಾಜ್ಯಮಟ್ಟದ ಕಾರ್ಯಯೋಜನೆಯನ್ನು ಪ್ರಕಟಿಸಿ ಪ್ರಯೋಗಾಲಯಗಳನ್ನು ಜೋಡಿಸಿಕೊಂಡಿತು. ಅಲ್ಲಿನವರು ಮಾಡಿರುವಾಗ ನಾವು ಹಿಂಜರಿಯಬೇಕಾಗಿಲ್ಲ.

ಕೆಲಸ ಗೊತ್ತಿದ್ದರೂ ಬೇರೆ ಬೇರೆ ಪ್ರಯೋಗಾಲಯಗಳ ಉತ್ತರಗಳನ್ನು ಹಾಗೇ ಕೂಡಿಸಲಾಗದು. ಒಬ್ಬರ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಪದರ ಮೂರು ಮಿಲಿಮೀಟರ್ ದಪ್ಪ, ಇನ್ನೊಬ್ಬರದು ಐದು. ಅಗಾರ್ ಮೇಲಿಟ್ಟು ಪರೀಕ್ಷಿಸುವ ಔಷಧ ಬಿಲ್ಲೆಗಳು ಒಬ್ಬರಲ್ಲಿ ಫ್ರಿಜ್ ಕೆಟ್ಟ ವಾರ ಹೊರಗಿದ್ದವು. ಹಾಗಾಗಿ ರೋಗಿಯ ಮಾದರಿಗೆ ಕೈ ಹಾಕುವ ಮುಂಚೆ ಮೂರು ತಿಂಗಳು ವಿಧಾನವನ್ನು ಒಂದುಗೂಡಿಸಲು ಕೊಡಿ. ಕ್ರಮ ಹೀಗಿರಲಿ.

ಮೊದಲು ಒಂದು ಲಿಖಿತ ಕಾರ್ಯವಿಧಾನ: ಮುಲ್ಲರ್-ಹಿಂಟನ್ ಅಗಾರ್, ದಪ್ಪ 4 ಮಿಲಿಮೀಟರ್, ಬ್ಯಾಕ್ಟೀರಿಯಾ ಬೆರೆಸಿದ ದ್ರಾವಣದ ಮಬ್ಬು 0.5 ಮ್ಯಾಕ್‌ಫರ್ಲೆಂಡ್ (ಮಬ್ಬನ್ನು ಅಳೆಯುವ ಮಾಪಕ) ಪ್ರಮಾಣಕ್ಕೆ ಸಮ, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ಗಂಟೆ. ಫಲಿತಾಂಶವನ್ನು ಯಾವ ಮಾನದಂಡದ ಯಾವ ವರ್ಷದ ಆವೃತ್ತಿಯಿಂದ ಓದಬೇಕೆಂಬುದನ್ನೂ ಅದರಲ್ಲೇ ಬರೆಯಿರಿ, ಏಕೆಂದರೆ ಆ ಕೋಷ್ಟಕಗಳು ವರ್ಷ ವರ್ಷ ಪರಿಷ್ಕಾರಗೊಳ್ಳುತ್ತವೆ.

ಆಮೇಲೆ ಎಲ್ಲರೂ ಎಟಿಸಿಸಿ 25922 ಎಂಬ ಪ್ರಮಾಣಿತ ಇ. ಕೋಲಿ ತಳಿಯನ್ನು ವಾರಕ್ಕೊಮ್ಮೆ ಪರೀಕ್ಷಿಸಲಿ. ಉದಾಹರಣೆಗೆ 10 ಮೈಕ್ರೊಗ್ರಾಂ ಜೆಂಟಾಮೈಸಿನ್ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತದ ಅಗಲ 19ರಿಂದ 26 ಮಿಲಿಮೀಟರ್ ಒಳಗೆ ಬರಬೇಕು. ಹೊರಗೆ ಬಂದರೆ ಆ ವಾರದ ರೋಗಿಗಳ ಫಲಿತಾಂಶಗಳನ್ನು ತಡೆಹಿಡಿದು ಕಾರಣ ಹುಡುಕಬೇಕು. ಅಗಾರ್ ದಪ್ಪವಾಯಿತೇ, ಬಿಲ್ಲೆ ಹಳೆಯದಾಯಿತೇ, ದ್ರಾವಣ ಗಾಢವಾಯಿತೇ?

ಮೂರನೆಯದು ಗುಪ್ತ ಪರೀಕ್ಷೆ. ಮುಂದಾಳು ಸಂಸ್ಥೆಯು ತನಗೆ ಮಾತ್ರ ಗುಣ ಗೊತ್ತಿರುವ ಐದು ತಳಿಗಳನ್ನು ಸಂಖ್ಯೆ ಮಾತ್ರ ಬರೆದು, ಮೂರು ಪದರದ ಸುರಕ್ಷಿತ ಪೊಟ್ಟಣದಲ್ಲಿ ಈ ಪ್ರಯೋಗಾಲಯಗಳಿಗೆಲ್ಲ ಕಳಿಸಲಿ. ಉತ್ತರಗಳು ಬಂದ ಮೇಲೆ ಯಾರು ತಪ್ಪಿದರೆಂದು ಸಭೆಯಲ್ಲಿ ಕೂಗಬೇಡಿ. ತಪ್ಪಿದ ಪ್ರಯೋಗಾಲಯಕ್ಕೆ ಸರಿಯಾಗಿ ಮಾಡಿದ ಪ್ರಯೋಗಾಲಯದ ತಂತ್ರಜ್ಞರೊಬ್ಬರನ್ನು ಎರಡು ದಿನಕ್ಕೆ ಕಳಿಸಿ. ನನ್ನ ಪ್ರಕಾರ ಇಡೀ ಜಾಲದ ಅತ್ಯಂತ ಬೆಲೆಬಾಳುವ ಘಳಿಗೆ ಇದು. ಬೀದರಿನ ತಂತ್ರಜ್ಞೆಯೊಬ್ಬರು ಮಂಗಳೂರಿಗೆ ಹೋಗಿ, 'ನಿಮ್ಮ ಅಗಾರನ್ನು ಮಟ್ಟ ನೋಡದ ಮೇಜಿನ ಮೇಲೆ ಸುರಿಯುತ್ತಿದ್ದೀರಿ' ಎಂದು ತೋರಿಸಿಕೊಟ್ಟರೆ, ಆ ಇಬ್ಬರ ನಡುವಿನ ವಿಶ್ವಾಸ ಹತ್ತು ವಿಚಾರ ಸಂಕಿರಣಗಳಿಂದಲೂ ಹುಟ್ಟದು.

ಫಲಿತಾಂಶಗಳನ್ನು 'ಹೂನೆಟ್' (WHONET) ಎಂಬ ಉಚಿತ ತಂತ್ರಾಂಶದಲ್ಲಿ ದಾಖಲಿಸಿ. ಈ ಕೆಲಸಕ್ಕಾಗಿಯೇ ರೂಪುಗೊಂಡ ಅದನ್ನು ಜಗತ್ತಿನ ಅನೇಕ ದೇಶಗಳ ಪ್ರಯೋಗಾಲಯಗಳು ಬಳಸುತ್ತವೆ. ವರ್ಷದ ಕೊನೆಗೆ ಪ್ರತಿ ಆಸ್ಪತ್ರೆಗೂ ಅದರದೇ ಒಂದು ಪುಟದ ಪಟ್ಟಿ ಕೊಡಿ: ಇಲ್ಲಿನ ಮೂತ್ರ ಸೋಂಕಿಗೆ ಯಾವ ಔಷಧ ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆ ಎಂದು. ಪ್ರಬಂಧ ಅಚ್ಚಾಗುವ ಮೊದಲೇ ರೋಗಿಗೆ ಪ್ರಯೋಜನವಾಗುವ ಸಂಶೋಧನೆ ಇದು.

ಇದರಲ್ಲಿ ಪದವಿ ಕಾಲೇಜಿನ ಪಾಲೇನು? ಸೂಕ್ತ ಜೈವಿಕ ಸುರಕ್ಷತೆಯ ಪ್ರಯೋಗಾಲಯವಿಲ್ಲದೆ ರೋಗಾಣುಗಳನ್ನು ಅಲ್ಲಿ ಬೆಳೆಸಲೇಬಾರದು. ಈ ವಿಷಯದಲ್ಲಿ ರಾಜಿಯಿಲ್ಲ. ದತ್ತಾಂಶವನ್ನು ಶುದ್ಧಗೊಳಿಸುವುದು, ಅಂಕಿಅಂಶಗಳ ವಿಶ್ಲೇಷಣೆ, ಸಾರ್ವಜನಿಕವಾಗಿ ಲಭ್ಯವಿರುವ ಬ್ಯಾಕ್ಟೀರಿಯಾ ಜೀನೋಮ್‌ಗಳ ಹೋಲಿಕೆ, ಔಷಧ ಅಂಗಡಿಗಳ ಸಮೀಕ್ಷೆ ಇವೆಲ್ಲ ಅವರಿಗೆ ಒಪ್ಪುವ ಕೆಲಸ. ಅವರ ಹೆಸರು ಪ್ರಬಂಧದಲ್ಲಿ ಹಕ್ಕಿನಿಂದ ಬರುವಂಥ ಕೆಲಸವೂ ಹೌದು.

6. ಸ್ನಾತಕೋತ್ತರ ಪ್ರಬಂಧಗಳನ್ನು ಜೋಡಿಸಿ

ಎಂಡಿ, ಎಂಎಸ್ ಓದುವ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಲೇಬೇಕು. ಅರವತ್ತೋ ನೂರೋ ರೋಗಿಗಳ ಮಾಹಿತಿ ಕಲೆಹಾಕಿ, ದಪ್ಪ ರಟ್ಟು ಹಾಕಿಸಿ ಗ್ರಂಥಾಲಯಕ್ಕೆ ಸೇರಿಸುತ್ತಾರೆ. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಇಷ್ಟು ದುಡಿಮೆ ಹೀಗೆ ಧೂಳು ತಿನ್ನುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಹಾವಿನ ಕಡಿತವನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ 2024ರಿಂದ ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಲಾಗಿದೆ. ಜಾಲದ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದೇ ನಮೂನೆಯಲ್ಲಿ, ಒಂದೇ ವ್ಯಾಖ್ಯೆಯಲ್ಲಿ ಮಾಹಿತಿ ಪಡೆದರೆ, ಕಡಿತದಿಂದ ಆಸ್ಪತ್ರೆ ತಲುಪಲು ಎಷ್ಟು ಹೊತ್ತಾಯಿತು, ವಿಷಪ್ರತಿರೋಧಕ ಔಷಧದ ಎಷ್ಟು ಸೀಸೆ ಬೇಕಾಯಿತು, ಮೂತ್ರಪಿಂಡಕ್ಕೆ ಹಾನಿಯಾಯಿತೇ ಎಂಬುದರ ದೊಡ್ಡ ಚಿತ್ರ ಸಿಗುತ್ತದೆ. ಪ್ರತಿಯೊಬ್ಬರೂ ತಮ್ಮ ಭಾಗದ ಮೇಲೆ ತಮ್ಮ ಪ್ರಬಂಧ ಬರೆಯಬಹುದು. ಒಟ್ಟು ದತ್ತಾಂಶ ಜಾಲದ್ದು. ಇದಕ್ಕೆ ಹೊಸ ಹಣ ಬಹಳ ಬೇಕಿಲ್ಲ. ಹೊಸ ತಂಡ ಪ್ರವೇಶ ಪಡೆಯುವ ಮುಂಚೆಯೇ ನಮೂನೆ ಸಿದ್ಧವಿರಬೇಕು ಅಷ್ಟೆ, ಏಕೆಂದರೆ ಸಾರಲೇಖವನ್ನು, ಅಂದರೆ ಪ್ರಬಂಧದ ಯೋಜನೆಯನ್ನು, ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಅವಧಿ ಚಿಕ್ಕದು.

7. ಉಪಕರಣ: ಕೊಳ್ಳುವ ಮುನ್ನ ಹುಡುಕಿ

ಹಣ ಬಂದ ಕೂಡಲೇ ದೊಡ್ಡ ಯಂತ್ರದ ಕಡೆ ಕಣ್ಣು ಹೋಗುತ್ತದೆ. ಆರಂಭೋತ್ಸವವಾಗಿ, ವಾರ್ಷಿಕ ನಿರ್ವಹಣಾ ಗುತ್ತಿಗೆಗೆ ದುಡ್ಡಿಲ್ಲದೆ, ಹೊದಿಕೆ ಹೊದ್ದು ಕೂತ ಯಂತ್ರಗಳು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟಿವೆ. 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆದ ಭಾರತೀಯ ವಿಜ್ಞಾನ ಸಮಾವೇಶದಲ್ಲಿ 'ಐ-ಸ್ಟೆಮ್' ಜಾಲತಾಣ ಲೋಕಾರ್ಪಣೆಯಾಯಿತು. ದೇಶದ ಸಂಸ್ಥೆಗಳಲ್ಲಿರುವ ಸಂಶೋಧನಾ ಉಪಕರಣಗಳನ್ನು ಹುಡುಕಿ, ಶುಲ್ಕ ಕೊಟ್ಟು ಕಾಯ್ದಿರಿಸಲು ಅದು ದಾರಿ ಮಾಡಿಕೊಡುತ್ತದೆ. ಮೊದಲು ಅಲ್ಲಿ ನೋಡಿ. ಡಿಎನ್‌ಎ ಅನುಕ್ರಮಣಿಕೆಯಂಥ ಕೆಲಸವನ್ನು ಹೊರಗೆ ಶುಲ್ಕ ಕೊಟ್ಟು ಮಾಡಿಸುವುದೇ ಸಣ್ಣ ಕಾಲೇಜಿಗೆ ಅಗ್ಗ.

ಪ್ರತಿ ಕಾಲೇಜಿನಲ್ಲಿ ಇರಲೇಬೇಕಾದವು ಕೆಲವೇ: ವರ್ಷಕ್ಕೊಮ್ಮೆ ತಪಾಸಣೆಯಾಗುವ ಜೈವಿಕ ಸುರಕ್ಷತಾ ಕ್ಯಾಬಿನೆಟ್, ನಿಖರತೆಯ ಪರೀಕ್ಷೆ ಮಾಡಿಸಿದ ಪಿಪೆಟ್‌ಗಳು, ಸೆಂಟ್ರಿಫ್ಯೂಜ್, ಉಷ್ಣತೆ ದಾಖಲಿಸುವ ಫ್ರಿಜ್. ಮೈನಸ್ 80 ಡಿಗ್ರಿಯ ಫ್ರೀಜರ್ ಮಾತ್ರ ಇಡೀ ಜಾಲಕ್ಕೆ ಒಂದೋ ಎರಡೋ ಕಡೆ ಇರಲಿ, ಜನರೇಟರ್ ಇರುವ, ರಾತ್ರಿ ಎಚ್ಚರಿಕೆ ಗಂಟೆ ಬಾರಿಸಿದರೆ ಓಡಿ ಬರುವ ಮನುಷ್ಯರಿರುವ ಕಡೆ. ಬೇಸಿಗೆಯ ಒಂದು ದೀರ್ಘ ವಿದ್ಯುತ್ ಕಡಿತ ಮೂರು ವರ್ಷದ ಮಾದರಿಗಳನ್ನು ನೀರು ಮಾಡಿಬಿಡಬಲ್ಲದು.

ಯಂತ್ರಕ್ಕಿಂತ ಮೊದಲು ನೇಮಿಸಬೇಕಾದವರು ಇಬ್ಬರು: ಒಬ್ಬ ಜೈವಿಕ ಸಂಖ್ಯಾಶಾಸ್ತ್ರಜ್ಞ, ಒಬ್ಬ ದತ್ತಾಂಶ ನಿರ್ವಾಹಕ. ವಾರಕ್ಕೆ ಎರಡು ದಿನ ಆನ್‌ಲೈನ್‌ನಲ್ಲಿ ಎಲ್ಲ ಕಾಲೇಜುಗಳಿಗೂ ಅವರು ಸಿಗಬೇಕು. ಮಾದರಿಯ ಗಾತ್ರ ಎಷ್ಟಿರಬೇಕೆಂದು ಅಧ್ಯಯನಕ್ಕೆ ಮುಂಚೆ ಕೇಳುವ ಅಭ್ಯಾಸ ಬೆಳೆದರೆ ಅರ್ಧ ಗೆದ್ದಂತೆ. ದತ್ತಾಂಶ ದಾಖಲಿಸುವ 'ರೆಡ್‌ಕ್ಯಾಪ್' ಲಾಭರಹಿತ ಸಂಸ್ಥೆಗಳಿಗೆ ಉಚಿತವಾಗಿ ದೊರೆಯುತ್ತದೆ, ಅಂಕಿಅಂಶ ವಿಶ್ಲೇಷಿಸುವ 'ಆರ್' ತಂತ್ರಾಂಶ ಎಲ್ಲರಿಗೂ ಉಚಿತ. ರೋಗಿಯ ಹೆಸರು, ಫೋನ್ ಸಂಖ್ಯೆ ಇರುವ ಕಡತ ಒಂದು ಕಡೆ, ಸಂಕೇತ ಸಂಖ್ಯೆಯಷ್ಟೇ ಇರುವ ಸಂಶೋಧನಾ ಕಡತ ಇನ್ನೊಂದು ಕಡೆ ಇರಲಿ. ವಾಟ್ಸ್ಆ್ಯಪ್‌ನಲ್ಲಿ ರೋಗಿಗಳ ಪಟ್ಟಿ ಕಳಿಸುವುದನ್ನು ಮೊದಲ ದಿನವೇ ನಿಷೇಧಿಸಿ.

8. ವಿದ್ಯಾರ್ಥಿಗಳಿಗೆ ನಿಜವಾದ ಕೆಲಸ ಕೊಡಿ

ಐಸಿಎಂಆರ್ 1979ರಿಂದ ವೈದ್ಯಕೀಯ ಪದವಿ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನ ಕೊಡುತ್ತಿದೆ. ವಿಜ್ಞಾನ ಪದವಿಯವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಷಿಪ್ ಇದೆ. ಅರ್ಜಿ ಹಾಕಲು ಮಕ್ಕಳನ್ನು ಹುರಿದುಂಬಿಸಿ. ಆದರೆ ಅದು ಸಿಗುವುದು ಕೆಲವರಿಗೆ. ಜಾಲವು ತನ್ನದೇ ಎಂಟು ವಾರಗಳ ಬೇಸಿಗೆ ಕಾರ್ಯಕ್ರಮ ನಡೆಸಲಿ, ಪ್ರತಿ ಪಾಲುದಾರ ಕಾಲೇಜಿನಿಂದ ಇಬ್ಬರಿಗೆ ಸ್ಥಾನ ಮೀಸಲಿರಲಿ. ಊಟ, ವಸತಿ, ಬಸ್ ದರ ಎಲ್ಲವನ್ನೂ ಮುಂಗಡವಾಗಿ ಕೊಡಿ. ಖರ್ಚು ಮಾಡಿ ಆಮೇಲೆ ಬಿಲ್ ಕೊಡಿ ಎಂದರೆ ಕೂಲಿ ಮಾಡುವವರ ಮನೆಯ ಹುಡುಗಿ ಅರ್ಜಿಯನ್ನೇ ಹಾಕುವುದಿಲ್ಲ.

ಬಂದವರನ್ನು ಗಾಜಿನ ಪಾತ್ರೆ ತೊಳೆಯಲು ನಿಲ್ಲಿಸಬೇಡಿ. ಮೊದಲ ವಾರ ಪಿಪೆಟ್ ಹಿಡಿಯುವುದು, ಪ್ರಯೋಗದ ಪುಸ್ತಕ ಬರೆಯುವುದು. ಎರಡನೇ ವಾರದಿಂದ ಸಣ್ಣದಾದರೂ ಸ್ವಂತ ಪ್ರಶ್ನೆ. ಕೊನೆಯ ವಾರ ಭಿತ್ತಿಚಿತ್ರ ಮಾಡಿ ಎಲ್ಲರೆದುರು ವಿವರಣೆ. ವಿವರಣೆ ಕನ್ನಡದಲ್ಲಿ ನಡೆಯಲು ಅಡ್ಡಿಯಿರಬಾರದು. ವಿಷಯವನ್ನು ಬಲ್ಲ ಮಕ್ಕಳು ಇಂಗ್ಲಿಷಿನ ಹೆದರಿಕೆಯಿಂದ ಬಾಯಿ ಕಟ್ಟಿಕೊಂಡು ನಿಲ್ಲುವುದು ಅವರಿಗೂ ನಷ್ಟ, ಕೇಳುವವರಿಗೂ ನಷ್ಟ.

ಅಧ್ಯಾಪಕರ ತರಬೇತಿಗೆ ಹೊಸ ಪಠ್ಯ ಬರೆಯಬೇಕಾಗಿಲ್ಲ. ಚೆನ್ನೈನ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ ಸಿದ್ಧಪಡಿಸಿದ ಜೀವವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸ್ ಆನ್‌ಲೈನ್‌ನಲ್ಲಿದೆ. ಎಲ್ಲ ಪಾಲುದಾರರೂ ಅದನ್ನು ಮುಗಿಸಿ ಬರಲಿ, ಆಮೇಲೆ ಕಾರ್ಯಾಗಾರದಲ್ಲಿ ತಮ್ಮದೇ ಪ್ರಸ್ತಾವವನ್ನು ತಿದ್ದಿಕೊಳ್ಳಲಿ.

9. ಹಣ ಮತ್ತು ಲೆಕ್ಕ

ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್, ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜು ಯೋಜನೆ, ಆರೋಗ್ಯ ಸಂಶೋಧನಾ ಇಲಾಖೆಯು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಸ್ಥಾಪಿಸುವ ಬಹುಶಿಸ್ತೀಯ ಸಂಶೋಧನಾ ಘಟಕಗಳು, ಐಸಿಎಂಆರ್ ಅನುದಾನ, ಇವು ತಟ್ಟಬೇಕಾದ ಬಾಗಿಲುಗಳು. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ 'ಪೇರ್' ಯೋಜನೆಯಂತೂ ಒಂದು ಮುಂದಾಳು ಸಂಸ್ಥೆಗೆ ಏಳರವರೆಗೆ ಪಾಲುದಾರ ಸಂಸ್ಥೆಗಳನ್ನು ಜೋಡಿಸುವ ವ್ಯವಸ್ಥೆಯನ್ನೇ ಆಧರಿಸಿದೆ. ಅದರ ಗಮನ ವಿಶ್ವವಿದ್ಯಾಲಯಗಳ ಕಡೆಗಿದೆ. ಅದೇ ಏರ್ಪಾಡನ್ನು ಕಾಲೇಜುಗಳ ಮಟ್ಟಕ್ಕೆ ಇಳಿಸಿ ಎಂದು ರಾಜ್ಯ ಸರ್ಕಾರವನ್ನು ಕೇಳಲು ನಮಗೆ ನ್ಯಾಯವಾದ ಆಧಾರವಿದೆ.

ಲೆಕ್ಕಕ್ಕೆ ಒಬ್ಬರು ಪೂರ್ಣಾವಧಿ ಗುಮಾಸ್ತರು ಬೇಕೇ ಬೇಕು. ಕೇಂದ್ರದ ಅನುದಾನಕ್ಕೆ ಅಲ್ಲಿನ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯ ಹಣಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಒಂದು ಕಾಲೇಜಿನ ವಿಳಂಬ ಆರೂ ಕಾಲೇಜುಗಳ ಹಣವನ್ನು ನಿಲ್ಲಿಸಬಹುದು. ಸಂಶೋಧಕರೇ ಖರೀದಿ ಟೆಂಡರು, ವೋಚರುಗಳ ಹಿಂದೆ ಬಿದ್ದರೆ ನೀವು ಮೂರನೇ ಹಂತದಲ್ಲಿ ಗಳಿಸಿದ ಬಿಡುವು ಅಲ್ಲೇ ಕರಗುತ್ತದೆ.

10. ಹೆಸರು, ಪ್ರಕಟಣೆ, ವಿಸ್ತರಣೆ

ಲೇಖಕರ ಪಟ್ಟಿಯ ಜಗಳದಿಂದ ಒಡೆದ ಸ್ನೇಹಗಳಿಗೆ ಲೆಕ್ಕವಿಲ್ಲ. ಅಧ್ಯಯನ ಶುರುವಾಗುವ ಮೊದಲೇ ಯಾರು ಏನು ಮಾಡುತ್ತಾರೆ, ಯಾರ ಹೆಸರು ಎಲ್ಲಿ ಬರುತ್ತದೆ ಎಂದು ಬರೆದಿಡಿ. ವಿಭಾಗದ ಮುಖ್ಯಸ್ಥರೆಂಬ ಒಂದೇ ಕಾರಣಕ್ಕೆ ಯಾರ ಹೆಸರೂ ಸೇರಬಾರದು. ರಾತ್ರಿಯೆಲ್ಲ ದತ್ತಾಂಶ ತಿದ್ದಿದ ಕಿರಿಯರ ಹೆಸರು ಬಿಡಬಾರದು. ಜಂಟಿ ಪ್ರಬಂಧಗಳಲ್ಲಿ ಮೊದಲ ಲೇಖಕರ ಸ್ಥಾನ ಸರದಿಯಂತೆ ಸಣ್ಣ ಕಾಲೇಜುಗಳಿಗೆ ಬರಲಿ. ದುಡ್ಡು ಪಡೆದು ಏನನ್ನಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳಿಗೆ ಕಳಿಸುವುದಿಲ್ಲ ಎಂದು ಜಾಲವೇ ನಿರ್ಣಯ ಮಾಡಲಿ, ಸಂಶಯ ಬಂದರೆ ಮುಂದಾಳು ಸಂಸ್ಥೆಯ ಗ್ರಂಥಪಾಲಕರನ್ನು ಕೇಳಲಿ.

ವರ್ಷಕ್ಕೊಮ್ಮೆ ಹೊರಗಿನ ಮೂವರು ತಜ್ಞರು ಬಂದು ಜಾಲವನ್ನು ನೋಡಲಿ. ಅವರ ಮುಂದೆ ಪ್ರಬಂಧಗಳ ಸಂಖ್ಯೆಯೊಂದನ್ನೇ ಇಡಬೇಡಿ. ಎಷ್ಟು ಅಧ್ಯಾಪಕರಿಗೆ ವೇಳಾಪಟ್ಟಿಯಲ್ಲಿ ಬರೆದ ಬಿಡುವು ನಿಜಕ್ಕೂ ಸಿಕ್ಕಿತು, ಎಷ್ಟು ಪ್ರಯೋಗಾಲಯಗಳು ಗುಪ್ತ ಪರೀಕ್ಷೆಯಲ್ಲಿ ಹಿಂದಿನ ವರ್ಷಕ್ಕಿಂತ ಸುಧಾರಿಸಿದವು, ಬೇಸಿಗೆಗೆ ಬಂದ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಯಾವ ಆಸ್ಪತ್ರೆ ತನ್ನ ಔಷಧ ಪಟ್ಟಿಯನ್ನು ಬದಲಿಸಿತು ಎಂಬುದನ್ನೂ ಇಡಿ.

ಮೂರನೆಯ ವರ್ಷದಲ್ಲಿ ಹೊಸ ಕಾಲೇಜುಗಳನ್ನು ಕರೆಯಬಹುದು. ಆಗ ಮುಂದಾಳು ಸಂಸ್ಥೆಯೇ ಎಲ್ಲರಿಗೂ ಕಲಿಸಲು ಹೊರಡಬಾರದು. ಹಳೆಯ ಆರು ಕಾಲೇಜುಗಳು ತಲಾ ಒಂದು ಹೊಸ ಕಾಲೇಜಿನ ಹೊಣೆ ಹೊರಲಿ, ಮೊದಲ ಗುಪ್ತ ಪರೀಕ್ಷೆಯ ಪೊಟ್ಟಣವನ್ನು ಅವುಗಳಲ್ಲಿನ ವೈದ್ಯಕೀಯ ಕಾಲೇಜಿನವರೇ ಕಟ್ಟಿ ಕಳಿಸಲಿ, ಫಲಿತಾಂಶ ತಪ್ಪಿದಲ್ಲಿಗೆ ಅವರ ತಂತ್ರಜ್ಞರೇ ಹೋಗಲಿ. ಆ ಪ್ರಯಾಣದ ಖರ್ಚನ್ನು ಈ ವರ್ಷದ ಬಜೆಟ್ಟಿನಲ್ಲೇ ಬರೆದಿಡಿ.